ಸ್ಟ್ರಾಂಡ್ ಬೀದಿಯ ಕನ್ನ: 1724ರ ಒಂದು ಮೊಕದ್ದಮೆಯ ಮರು ಓದು

ಲಂಡನ್ನಿನ ಸ್ಟ್ರಾಂಡ್ ಬೀದಿಯ ಉಣ್ಣೆಬಟ್ಟೆ ವ್ಯಾಪಾರಿ ವಿಲಿಯಂ ನೀಬೋನ್ 1724ರ ಜುಲೈ 12ರಂದು ರಾತ್ರಿ ಸುಮಾರು 11 ಗಂಟೆಗೆ, ಬಾಗಿಲು ಕಿಟಕಿಗಳೆಲ್ಲ ಭದ್ರವಾಗಿವೆಯೆಂದು ನೋಡಿಕೊಂಡು ಮಲಗಿದ. ಬೆಳಗಿನ ಜಾವ 4ರ ಹೊತ್ತಿಗೆ ಅವನನ್ನು ಎಬ್ಬಿಸಲಾಯಿತು. ನೆಲಮಾಳಿಗೆಯ ಕಿಟಕಿಯ ಸರಳನ್ನು ಕತ್ತರಿಸಲಾಗಿತ್ತು, ಮೇಲೆ ಬರುವ ಬಾಗಿಲಿನ ಅಗುಳಿ ಸರಿದಿತ್ತು, ಬೀಗ ಕಿತ್ತುಬಂದಿತ್ತು. 108 ಗಜ ಬಟ್ಟೆ ಕಾಣೆಯಾಗಿತ್ತು.

ಕನ್ನ ಹಾಕಿದವನು 22 ವರ್ಷದ ಜ್ಯಾಕ್ ಶೆಪರ್ಡ್. ತಂದೆಯಿಲ್ಲದ ಈ ಹುಡುಗನಿಗೆ ಓದುಬರಹ ಕಲಿಸಿ, ಬಡಗಿ ಓವೆನ್ ವುಡ್ ಬಳಿ ಕಸುಬಿಗೆ ಸೇರಿಸಿದ್ದವನೇ ನೀಬೋನ್. ನ್ಯೂಗೇಟ್ ಸೆರೆಮನೆಯಿಂದ ಶೆಪರ್ಡ್ ಎರಡು ಬಾರಿ ತಪ್ಪಿಸಿಕೊಂಡ ಕತೆಯನ್ನು ಇಂಗ್ಲಿಷ್ ಜನ ಮೂರು ಶತಮಾನಗಳಿಂದ ಹೇಳುತ್ತ ಬಂದಿದ್ದಾರೆ. ನನ್ನ ದೃಷ್ಟಿಯಲ್ಲಿ ಆ ಕಾಲದ ನ್ಯಾಯವ್ಯವಸ್ಥೆಯನ್ನು ತಿಳಿಯಲು ಪಲಾಯನಗಳಿಗಿಂತ ಈ ಕನ್ನವೇ ಹೆಚ್ಚು ನೆರವಾಗುತ್ತದೆ.

ನೀಬೋನ್ ನ್ಯಾಯಾಲಯದಲ್ಲಿ ನುಡಿದ ಈ ಸಾಕ್ಷ್ಯದಲ್ಲಿ ಗಂಟೆಯ ಲೆಕ್ಕ ಸುಮ್ಮನೆ ಬಂದಿಲ್ಲ. ವಾಸದ ಮನೆಯನ್ನು ರಾತ್ರಿ ಹೊತ್ತು ಒಡೆದು ನುಗ್ಗಿದರೆ ಮಾತ್ರ ಅದು ಆಗ ಕನ್ನದ ಅಪರಾಧವಾಗುತ್ತಿತ್ತು. ವ್ಯಾಪಾರಿಗಳು ಅಂಗಡಿಯ ಕಟ್ಟಡದಲ್ಲೇ ವಾಸವಾಗಿರುತ್ತಿದ್ದುದರಿಂದ ಅಂಗಡಿಗೂ ಮನೆಯ ರಕ್ಷಣೆ ದೊರೆಯುತ್ತಿತ್ತು. ಇನ್ನು ರಾತ್ರಿ ಎಂದರೆ ಯಾವುದು? ಮನುಷ್ಯನ ಮುಖ ಗುರುತು ಸಿಗುವಷ್ಟು ಹಗಲಿನ ಬೆಳಕು ಇರದ ಹೊತ್ತು. ಗಡಿಯಾರದ ಗಂಟೆಗಳನ್ನು ಕಾನೂನು ಗೊತ್ತುಮಾಡಿದ್ದು 1837ರಲ್ಲಿ. ಜುಲೈ ತಿಂಗಳ ಲಂಡನ್ನಿನಲ್ಲಿ ಬೆಳಗಿನ 4 ಗಂಟೆ ಬೆಳಕು ಹರಿಯುವ ಸಮಯ, ಹಾಗಾಗಿ ಕನ್ನ ಅದಕ್ಕೆ ಮುಂಚೆಯೇ ನಡೆದಿತ್ತೆಂದು ತೋರಿಸಬೇಕಿತ್ತು. ರಾತ್ರಿ ಎಂಬುದು ಸಾಬೀತಾದರೆ ಕಾನೂನಿನಂತೆ ಗಲ್ಲು ಶಿಕ್ಷೆ, ಏಕೆಂದರೆ ಮೊದಲ ತಪ್ಪಿಗೆ ಪ್ರಾಣ ಉಳಿಸುತ್ತಿದ್ದ ಹಳೆಯ ವಿನಾಯಿತಿ ಕನ್ನಗಳ್ಳರಿಗೆ 16ನೇ ಶತಮಾನದಲ್ಲೇ ತಪ್ಪಿಹೋಗಿತ್ತು.

ನೀಬೋನ್ ದೂರು ಹೇಳಿದ್ದು ಜೊನಾಥನ್ ವೈಲ್ಡ್ ಬಳಿ. ನಗರಕ್ಕೆ ಆಗ ಸಂಘಟಿತ ಪೊಲೀಸ್ ಪಡೆ ಇರಲಿಲ್ಲ. ಕನ್ನಗಳ್ಳನನ್ನು ಹಿಡಿದು ಶಿಕ್ಷೆ ಕೊಡಿಸಿದವರಿಗೆ 1706ರ ಕಾಯ್ದೆಯಂತೆ 40 ಪೌಂಡ್ ಬಹುಮಾನ. ಕುಶಲಕರ್ಮಿಯ ವರ್ಷದ ದುಡಿಮೆಗೆ ಹತ್ತಿರದ ಹಣ ಅದು. ವೈಲ್ಡ್ ಕಳ್ಳರನ್ನು ಹಿಡಿದುಕೊಡುತ್ತಲೇ ಕಳ್ಳಮಾಲಿನ ವ್ಯವಹಾರವನ್ನೂ ನಡೆಸುತ್ತಿದ್ದ. ವಿಲಿಯಂ ಫೀಲ್ಡ್ ಎಂಬವನನ್ನು ಕರೆಸಿ, ತಪ್ಪೊಪ್ಪಿಕೊಂಡರೆ ನ್ಯಾಯಾಲಯ ನಿನ್ನನ್ನು ಸಾಕ್ಷಿಯಾಗಿ ಸ್ವೀಕರಿಸುವಂತೆ ಮಾಡಬಲ್ಲೆ ಎಂದು ಆಸೆ ತೋರಿಸಿದ. ಇದನ್ನು ವೈಲ್ಡ್ ತಾನೇ ಕಟಕಟೆಯಲ್ಲಿ ನಿಂತು ಹೇಳಿದ್ದಾನೆ.

ಆಗಸ್ಟ್‌ನಲ್ಲಿ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ವಿಚಾರಣೆ ನಡೆದಾಗ ಶೆಪರ್ಡ್ ಮೇಲಿದ್ದ ಬೇರೆ ಎರಡು ಆರೋಪಗಳು ಸಾಕ್ಷ್ಯ ಸಾಲದೆ ಬಿದ್ದುಹೋದವು. ಮೂರನೆಯದು, ನೀಬೋನ್ ಅಂಗಡಿಯದು, ನಿಂತಿತು. ಶೆಪರ್ಡ್, ಅವನ ಜೊತೆಗಾರ ಜೋಸೆಫ್ ಬ್ಲೇಕ್ ಮತ್ತು ತಾನು ಮೂವರೂ ಹೋಗಿದ್ದೆವೆಂದು ಫೀಲ್ಡ್ ನುಡಿದ. ಅಕ್ಟೋಬರಿನಲ್ಲಿ ಬ್ಲೇಕ್‌ನ ಮೇಲೂ ಅವನದೇ ಸಾಕ್ಷಿ. ಆದರೆ ಶೆಪರ್ಡ್‌ನ ಹೆಸರಿನಲ್ಲಿ ಅದೇ ವರ್ಷ ಅಚ್ಚಾದ ಆತ್ಮಕಥನ, ಫೀಲ್ಡ್ ಅಲ್ಲಿರಲೇ ಇಲ್ಲ, ಬಚ್ಚಿಟ್ಟಿದ್ದ ಮಾಲನ್ನು ಆಮೇಲೆ ಕದ್ದವನು ಅವನು ಎನ್ನುತ್ತದೆ.

ಶೆಪರ್ಡ್‌ನ ಅಪರಾಧದ ಬಗ್ಗೆ ಸಂಶಯವಿಲ್ಲ. ಸೆರೆಯಲ್ಲಿ ನೀಬೋನ್ ಎದುರು ತನ್ನ ಕೃತಘ್ನತೆಯನ್ನು ಅವನೇ ಒಪ್ಪಿಕೊಂಡಿದ್ದ. ನವೆಂಬರ್ 11ರಂದು ಬ್ಲೇಕ್‌ನನ್ನು, 16ರಂದು ಶೆಪರ್ಡ್‌ನನ್ನು, ಮರುವರ್ಷ ಮೇ 24ರಂದು ವೈಲ್ಡ್‌ನನ್ನು ಟೈಬರ್ನ್‌ನಲ್ಲಿ ಗಲ್ಲಿಗೇರಿಸಲಾಯಿತು. ಆದರೆ ತನ್ನ ಕೊರಳು ಉಳಿಸಿಕೊಳ್ಳಲು ಆಡಿದ ಫೀಲ್ಡ್‌ನ ಮಾತನ್ನು ಆ ರಾತ್ರಿಯ ನಿಜವೃತ್ತಾಂತವೆಂದು ಇತಿಹಾಸಕಾರರು ಒಪ್ಪಬೇಕಾಗಿಲ್ಲ.