ಆರು ವೋಲ್ಟಿನ ಜಾವಾ, ಕಣ್ಣಾಮುಚ್ಚಾಲೆಯ ಕರೆಂಟು

ಹಳೆಯ ಜಾವಾ ಅಥವಾ ಯೆಜ್ಡಿ ಇಟ್ಟುಕೊಂಡವರು ಮೆಕ್ಯಾನಿಕ್ ಬಳಿ ಹೇಳುವ ದೂರು ಬಹುತೇಕ ಒಂದೇ ಬಗೆಯದು. ಬೆಳಗ್ಗೆ ಚೆನ್ನಾಗಿಯೇ ಇತ್ತು, ಹತ್ತು ಕಿಲೋಮೀಟರ್ ಹೋದ ಮೇಲೆ ತಟ್ಟನೆ ನಿಂತಿತು. ಅರ್ಧ ಗಂಟೆ ಬಿಟ್ಟು ಕಿಕ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಹೊರಟಿತು. ಇಲ್ಲವೇ, ರಾತ್ರಿ ಗುಂಡಿಗೆ ಇಳಿದಾಗ ಹೆಡ್‌ಲೈಟ್ ಆರಿತು, ಮುಂದಿನ ಗುಂಡಿಗೆ ಮತ್ತೆ ಹೊತ್ತಿತು. ಗಾಡಿಯನ್ನು ಅಂಗಡಿಗೆ ತಂದು ನಿಲ್ಲಿಸಿದಾಗ ಮಾತ್ರ ಎಲ್ಲವೂ ಸರಿ. ವೈದ್ಯರ ಮುಂದೆ ಕೂತೊಡನೆ ಕೆಮ್ಮು ನಿಂತುಹೋಗುವ ರೋಗಿಯ ಹಾಗೆ.

ಇದು ಹಳೆಯ ಗಾಡಿಯ ಸ್ವಭಾವ ಎಂದು ಅಭಿಮಾನಿಗಳು ನಕ್ಕು ಸುಮ್ಮನಾಗುವುದುಂಟು. ಆದರೆ ಕತ್ತಲ ರಸ್ತೆಯಲ್ಲಿ ದೀಪ ಕೈಕೊಡುವುದು ನಗುವ ಸಂಗತಿಯಲ್ಲ. ಈ ಕಣ್ಣಾಮುಚ್ಚಾಲೆಗೆ ಸ್ವಭಾವಕ್ಕಿಂತ ಹೆಚ್ಚಾಗಿ ಚರಿತ್ರೆಯೇ ಕಾರಣ. ಬೈಕಿಗೆ ವಿದ್ಯುತ್ ಎಲ್ಲಿಂದ, ಹೇಗೆ ಒದಗಿಸಬೇಕೆಂದು ಹಿಂದಿನ ಎಂಜಿನಿಯರುಗಳು ಮಾಡಿದ ತೀರ್ಮಾನಗಳ ಫಲವನ್ನು ಇಂದಿನ ಸವಾರ ಉಣ್ಣುತ್ತಿದ್ದಾನೆ.

ಎಂಜಿನ್ನಿಗೆ ಬೇಕಾದ ಕಿಡಿಯನ್ನು ಹುಟ್ಟಿಸಲು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎರಡು ದಾರಿಗಳಿದ್ದವು. ಒಂದು ಮ್ಯಾಗ್ನೆಟೊ. ಜರ್ಮನಿಯ ರಾಬರ್ಟ್ ಬಾಷ್ ಅವರ ಕಾರ್ಖಾನೆಯಲ್ಲಿ ಗಾಟ್‌ಲೋಬ್ ಹೋನೋಲ್ಡ್ 1902ರ ಹೊತ್ತಿಗೆ ಇದಕ್ಕೆ ಅಧಿಕ ವೋಲ್ಟೇಜಿನ ರೂಪ ಕೊಟ್ಟರು. ಆಯಸ್ಕಾಂತ ಮತ್ತು ತಂತಿಸುರುಳಿ ಸೇರಿ ತಮ್ಮಷ್ಟಕ್ಕೆ ತಾವೇ ಕಿಡಿ ಕೊಡುತ್ತವೆ, ಬ್ಯಾಟರಿಯ ಹಂಗಿಲ್ಲ. ಇನ್ನೊಂದು ದಾರಿಯನ್ನು ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಸುಮಾರಿಗೆ ಕ್ಯಾಡಿಲಾಕ್ ಕಾರುಗಳಿಗಾಗಿ ರೂಢಿಗೆ ತಂದರು. ಬ್ಯಾಟರಿಯ ಕರೆಂಟನ್ನು ಕಾಯಿಲ್‌ಗೆ ಹರಿಸಿ, ಸಣ್ಣ ಪಾಯಿಂಟಿನಿಂದ ಅದನ್ನು ಕಡಿದರೆ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ನಿಧಾನವಾಗಿ ತಿರುಗುವಾಗಲೂ ಕಿಡಿ ಜೋರಾಗಿ ಬರುವುದರಿಂದ ಸ್ಟಾರ್ಟ್ ಮಾಡುವುದು ಸಲೀಸು. ಆದರೆ ಮ್ಯಾಗ್ನೆಟೊ ಗಾಡಿಯಲ್ಲಿ ದೀಪ ಆರಿದರೂ ಎಂಜಿನ್ ಓಡುತ್ತಿತ್ತು. ಹೊಸ ಪದ್ಧತಿಯಲ್ಲಿ ಬ್ಯಾಟರಿ, ಸ್ವಿಚ್, ಫ್ಯೂಸ್, ಅವುಗಳ ನಡುವಿನ ಒಂದೊಂದು ತಂತಿಯ ತುದಿಯೂ ಎಂಜಿನ್ನಿನ ಪ್ರಾಣಕ್ಕೆ ಹೊಣೆಯಾಯಿತು.

ಜಾವಾ ಈ ಎರಡನೆಯ ದಾರಿಯಲ್ಲಿ ಬಂದ ಗಾಡಿ. ಪ್ರಾಗ್ ನಗರದ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗವನ್ನು ಕೊಂಡು, ತಮ್ಮ ಹೆಸರಿನ ಮೊದಲಕ್ಷರಗಳನ್ನು ವಾಂಡರರ್‌ನ ಮೊದಲಕ್ಷರಗಳ ಜೊತೆ ಸೇರಿಸಿದ್ದರಿಂದ ಈ ಹೆಸರು ಬಂತು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಸತೊಡಗಿತು. 1970ರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಚೆಕ್ ವಿನ್ಯಾಸದೊಂದಿಗೇ ಡೈನಮೋ, ಕಟೌಟ್ ಮತ್ತು 6 ವೋಲ್ಟಿನ ಬ್ಯಾಟರಿಯೂ ಮೈಸೂರಿಗೆ ಬಂದವು. ಅಮೆರಿಕದ ಕಾರುಗಳು ಅಷ್ಟರಲ್ಲಾಗಲೇ 12 ವೋಲ್ಟಿಗೆ ಬದಲಾಗಿದ್ದವು.

ಸಮಸ್ಯೆಯ ಬೇರು ಇರುವುದು ಈ ಆರು ವೋಲ್ಟಿನಲ್ಲಿ. 24 ವ್ಯಾಟಿನ ಬಲ್ಬ್ ಒಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. 12 ವೋಲ್ಟಿನಲ್ಲಿ ಅದಕ್ಕೆ 2 ಆಂಪಿಯರ್ ಸಾಕು. 6 ವೋಲ್ಟಿನಲ್ಲಿ 4 ಆಂಪಿಯರ್ ಬೇಕು. ದಾರಿಯಲ್ಲೊಂದು ತುಕ್ಕು ಹಿಡಿದ ಜೋಡಣೆಯಿದ್ದು, ಅದು ಕಾಲು ಓಮ್‌ನಷ್ಟು ಅಡ್ಡಿ ಒಡ್ಡುತ್ತದೆನ್ನಿ. 12 ವೋಲ್ಟಿನ ಗಾಡಿಯಲ್ಲಿ ಅಲ್ಲಿ ಕಳೆದುಹೋಗುವುದು ಅರ್ಧ ವೋಲ್ಟ್, ಅಂದರೆ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು. 6 ವೋಲ್ಟಿನ ಗಾಡಿಯಲ್ಲಿ ಸುಮಾರು ಒಂದು ವೋಲ್ಟ್, ಆರರಲ್ಲಿ ಒಂದು ಪಾಲು! ವೋಲ್ಟೇಜ್ ತುಸು ಕುಸಿದರೂ ಬಲ್ಬಿನ ಬೆಳಕು ಅದಕ್ಕಿಂತ ಬಹಳ ವೇಗವಾಗಿ ಕುಸಿಯುವುದರಿಂದ ದೀಪ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹೊಸ ಬೈಕಿನಲ್ಲಿ ಗಮನಕ್ಕೇ ಬಾರದ ಕಿಲುಬು ಹಳೆಯ ಜಾವಾದಲ್ಲಿ ದೊಡ್ಡ ರೋಗವಾಗುವುದು ಹೀಗೆ.

ಇನ್ನು ಕರೆಂಟು ಬ್ಯಾಟರಿಗೆ ಹಿಂದಿರುಗುವ ದಾರಿ. ಇದಕ್ಕೆ ಪ್ರತ್ಯೇಕ ತಂತಿಯ ಖರ್ಚೇಕೆ, ಗಾಡಿಯ ಕಬ್ಬಿಣದ ಚಾಸಿಯೇ ಇದೆಯಲ್ಲ ಎಂಬುದು ಅಂದಿನ ಯೋಚನೆ. ಬುದ್ಧಿವಂತಿಕೆಯ ಉಳಿತಾಯವೇ ಸರಿ. ಆದರೆ ಆ ದಾರಿ ಬೋಲ್ಟುಗಳ, ಮಡ್‌ಗಾರ್ಡಿನ, ಹ್ಯಾಂಡಲ್ ತಿರುಗುವ ಬೇರಿಂಗ್ ಗುಂಡುಗಳ ಮೂಲಕ ಸಾಗುತ್ತದೆ. ಅರವತ್ತು ಮಳೆಗಾಲ ಕಂಡ ಬೋಲ್ಟಿನ ಕೆಳಗೆ ಏನಿರುತ್ತದೆಂದು ಹೇಳಬೇಕಿಲ್ಲ. ಗುಂಡಿಗೆ ಬಿದ್ದಾಗ ಬೋಲ್ಟ್ ಒಂದು ಕೂದಲೆಳೆಯಷ್ಟು ಅಲುಗುತ್ತದೆ, ಸಂಪರ್ಕ ತಪ್ಪುತ್ತದೆ. ನಮ್ಮ ಮೆಕ್ಯಾನಿಕ್ಕುಗಳ ಭಾಷೆಯಲ್ಲಿ 'ಅರ್ತ್ ಆಗ್ತಿದೆ' ಎಂದರೆ ತಂತಿ ಎಲ್ಲೋ ಚಾಸಿಗೆ ತಗುಲುತ್ತಿದೆ ಎಂದು. 'ಅರ್ತ್ ಸಿಗ್ತಿಲ್ಲ' ಎಂದರೆ ಚಾಸಿಯ ದಾರಿಯೇ ತಪ್ಪಿದೆ ಎಂದು. ಒಂದಕ್ಕೊಂದು ವಿರುದ್ಧವಾದ ಈ ಎರಡು ಕಾಯಿಲೆಗಳನ್ನು ಮಾಲೀಕರು ಒಂದೇ ಎಂದು ತಿಳಿಯುತ್ತಾರೆ, ಗೊಂದಲ ಅಲ್ಲಿಂದಲೇ ಶುರು.

ವಿಚಿತ್ರವೆಂದರೆ ಪ್ರೀತಿಯಿಂದ ಹೊಸದಾಗಿಸಿದ ಗಾಡಿಗಳಲ್ಲೂ ಈ ಕಾಟ ತಪ್ಪಿದ್ದಲ್ಲ. ಚಾಸಿಗೆ ಪೌಡರ್ ಕೋಟಿಂಗ್ ಮಾಡಿಸುವಾಗ ಬೋಲ್ಟ್ ಕೂರುವ ಜಾಗಕ್ಕೂ ದಪ್ಪ ಬಣ್ಣ ಮೆತ್ತುತ್ತದೆ. ಬಣ್ಣ ವಿದ್ಯುತ್ತನ್ನು ಬಿಡುವುದಿಲ್ಲ. ಕನ್ನಡಿಯಂತೆ ಹೊಳೆಯುವ ಗಾಡಿ ಮೊದಲಿಗಿಂತ ಹೆಚ್ಚು ಕೈಕೊಡಲು ಇದೊಂದೇ ಸಾಕು.

ಬಿಸಿಯಾದಾಗ ನಿಂತು, ತಣ್ಣಗಾದಾಗ ಹೊರಡುವ ಗಾಡಿಯ ಕಥೆ ಬೇರೆ. ಅಲ್ಲಿ ಮೊದಲು ಅನುಮಾನಿಸಬೇಕಾದದ್ದು ಪಾಯಿಂಟಿನ ಜೊತೆಗಾರ ಕಂಡೆನ್ಸರ್ ಅನ್ನು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೂ ಒಂದು ಕಿಡಿ; ನಿಮಿಷಕ್ಕೆ 4000 ಸುತ್ತು ತಿರುಗಿದರೆ ಪಾಯಿಂಟ್ 4000 ಸಲ ತೆರೆದು ಮುಚ್ಚಬೇಕು. ತೆರೆದಾಗಲೆಲ್ಲ ಅಲ್ಲೇ ಕಿಡಿ ಹಾರಿ ಪಾಯಿಂಟ್ ಸುಡದಂತೆ ಕರೆಂಟನ್ನು ಕ್ಷಣಕಾಲ ಹೀರಿಕೊಳ್ಳುವುದು ಕಂಡೆನ್ಸರ್. ಹಳತಾದ ಮೇಲೆ ಅದರೊಳಗಿನ ಪದರಗಳು ಬಿಸಿಗೆ ಸೋರಲಾರಂಭಿಸುತ್ತವೆ. ತಣ್ಣಗಿರುವಾಗ ಪರೀಕ್ಷೆ ಮಾಡಿದರೆ ಪಾಸು! ಕಾಯಿಲ್ ಕೂಡ ಇದೇ ರೀತಿ ಮೋಸ ಮಾಡಬಲ್ಲದು. ಹಾಗಾಗಿ ನಿಂತ ಗಳಿಗೆಯಲ್ಲೇ, ರಸ್ತೆ ಬದಿಯಲ್ಲೇ ಪ್ಲಗ್ ಬಿಚ್ಚಿ ಕಿಡಿ ನೋಡಬೇಕು. ಪಾಯಿಂಟ್ ಬಾಯಲ್ಲಿ ದೊಡ್ಡ ಕಿಡಿ, ಪ್ಲಗ್ಗಿನಲ್ಲಿ ಬಡಕಲು ಕಿಡಿ ಎಂದರೆ ಕಂಡೆನ್ಸರ್ ಮುಗಿದ ಹಾಗೆ.

ಇಷ್ಟು ತಿಳಿಯದ ಮಾಲೀಕ ಬ್ಯಾಟರಿ ಬದಲಾಯಿಸುತ್ತಾನೆ, ಡೈನಮೋ ಬಿಚ್ಚಿಸುತ್ತಾನೆ, ಕೊನೆಗೆ ಕಾರ್ಖಾನೆಯಿಂದ ಬಂದ ಮೂಲ ವಯರಿಂಗನ್ನೇ ಕಿತ್ತು ಗುಜರಿಗೆ ಹಾಕಿಸುತ್ತಾನೆ. ಯಾದವಗಿರಿಯಲ್ಲಿ ತಯಾರಾದ ಭಾಗಗಳು ಮತ್ತೆ ಹುಟ್ಟುವುದಿಲ್ಲ. ಹಾಳಾಗದ ಭಾಗವನ್ನು ಎಸೆದ ಮೇಲೂ ರೋಗ ಹಾಗೆಯೇ ಉಳಿದಿರುತ್ತದೆ.

ಅದಕ್ಕೆ ಮೊದಲು ಮಾಡಬೇಕಾದ ಪರೀಕ್ಷೆಗೆ ಒಂದು ಸಾಧಾರಣ ಮೀಟರ್ ಸಾಕು. ದೀಪ ಆರಿಸಿ ವೋಲ್ಟೇಜ್ ನೋಡಿದರೆ ಪ್ರಯೋಜನವಿಲ್ಲ. ಒಂದೇ ಎಳೆ ಉಳಿದ ತಂತಿಯೂ ಆಗ ಪೂರ್ತಿ ಆರು ವೋಲ್ಟ್ ತೋರಿಸುತ್ತದೆ. ಎಂಜಿನ್ ಆರಿಸಿ ಹೆಡ್‌ಲೈಟ್ ಹೊತ್ತಿಸಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ತ್ ತುದಿಗೂ ಇನ್ನೊಂದನ್ನು ಹೆಡ್‌ಲೈಟ್ ಡೂಮಿನ ಒಳಗಿನ ಬರಿ ಲೋಹಕ್ಕೂ ಹಿಡಿಯಬೇಕು. ಮುಳ್ಳು ಸೊನ್ನೆಯ ಹತ್ತಿರವೇ ಇದ್ದರೆ ಚಾಸಿಯ ದಾರಿ ಚೆನ್ನಾಗಿದೆ. ಅರ್ಧ ವೋಲ್ಟ್ ತೋರಿಸಿದರೆ ಕಳ್ಳ ಸಿಕ್ಕಿಬಿದ್ದ. ಮೀಟರ್ ಹಿಡಿದಂತೆಯೇ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡುವುದನ್ನು ಮರೆಯಬಾರದು. ಆಮೇಲೆ ಬೇಕಾದದ್ದು ಉಪ್ಪುಕಾಗದದ ಒಂದು ತುಂಡು, ಬ್ಯಾಟರಿಯ ಅರ್ತ್ ತುದಿಯಿಂದ ಎಂಜಿನ್ನಿಗೊಂದು, ಡೂಮಿಗೊಂದು ಹೊಸ ತಂತಿ. ಹ್ಯಾಂಡಲ್ ತಿರುಗುವಾಗ ಬಿಗಿಯದಷ್ಟು ಸಡಿಲ ಬಿಟ್ಟು.