ಓಸಳ್ಳಿ ಎಲ್ಲಿದೆ? ಹಡಗಿನ ಪಟ್ಟಿಯಲ್ಲಿ ಸಿಕ್ಕ ಮುತ್ತಜ್ಜ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆ ಶುರುವಾಗೋದು ಒಂದು ಇಮೇಲ್‌ನಿಂದ. ಬರೆದವರು ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿರುವ ಒಬ್ಬ ನಿವೃತ್ತ ಶಿಕ್ಷಕಿ. ಅವರಿಗೆ ಕನ್ನಡ ಬರಲ್ಲ. ನಮ್ಮ ಬರಗಾಲದ ಸಂಚಿಕೆಯನ್ನ ಬೆಂಗಳೂರಿನ ಗೆಳತಿಯೊಬ್ಬರು ಇಂಗ್ಲಿಷಿನಲ್ಲಿ ಅವರಿಗೆ ವಿವರಿಸಿದ್ದರಂತೆ. ಅವರು ಕೇಳಿದ್ದು ಇಷ್ಟೇ: ‘ನನ್ನ ಅಜ್ಜಿಯ ಅಪ್ಪ ಮೈಸೂರು ಕಡೆಯವರು ಅಂತ ಕೇಳಿದ್ದೇನೆ. ಡಿಸೆಂಬರ್‌ನಲ್ಲಿ ಇಂಡಿಯಾಕ್ಕೆ ಬರ್ತಿದ್ದೇನೆ. ಅವರ ಊರು ಯಾವುದು ಅಂತ ಹುಡುಕಿಕೊಡ್ತೀರಾ?’

ಮೊದಲು ಸ್ವಲ್ಪ ಹಿನ್ನೆಲೆ. 1860ರ ನವೆಂಬರ್ 16ರಂದು ‘ಟ್ರೂರೋ’ ಅನ್ನೋ ಹಡಗು 342 ಜನರನ್ನ ಹೊತ್ತು ಮದ್ರಾಸಿನಿಂದ ಡರ್ಬನ್ ಮುಟ್ಟಿತು. ಆಗ ಅದು ಬ್ರಿಟಿಷರ ನಟಾಲ್ ವಸಾಹತು. ಕಬ್ಬಿನ ತೋಟಗಳಿಗೆ ಆಳು ಬೇಕಿತ್ತು. ಐದು ವರ್ಷದ ಕರಾರು. ಮೊದಲ ವರ್ಷ ತಿಂಗಳಿಗೆ 10 ಶಿಲಿಂಗ್ ಸಂಬಳ, ಆಮೇಲೆ ವರ್ಷಕ್ಕೊಂದು ಶಿಲಿಂಗ್ ಹೆಚ್ಚಳ. ಮಧ್ಯೆ 1866ರಿಂದ 1874ರವರೆಗೆ ನಿಂತಿದ್ದು ಬಿಟ್ಟರೆ, 1911ರವರೆಗೂ ಈ ಸಾಗಣೆ ನಡೀತು. ಒಟ್ಟು 1,52,000ಕ್ಕೂ ಹೆಚ್ಚು ಜನ ಹೋದರು. ಅವರಲ್ಲಿ ಸುಮಾರು ಮೂರನೇ ಎರಡು ಭಾಗ ಮದ್ರಾಸ್ ಬಂದರಿನಿಂದ ಹೊರಟವರು. ಹೆಚ್ಚಿನವರು ತಮಿಳು, ತೆಲುಗು ಮಾತಾಡುವವರು. ಅವರ ನಡುವೆ ಮೈಸೂರು, ಬೆಂಗಳೂರು ಅಂತ ಬರೆಸಿದವರೂ ಇದ್ದಾರೆ.

ಇವರೆಲ್ಲರ ಹಡಗಿನ ಪಟ್ಟಿಗಳು ಇವತ್ತಿಗೂ ಉಳಿದಿವೆ. ನಾನು ಓದಿದ್ದು ಬಿ.ಕಾಂ. ಇತಿಹಾಸ ಪಾಠ ನನಗೆ ಹತ್ತನೇ ಕ್ಲಾಸಿಗೇ ಮುಗೀತು. ಆದರೆ ಈ ಪಟ್ಟಿ ನೋಡಿದ ತಕ್ಷಣ ಇದು ನನಗೆ ಗೊತ್ತಿರೋ ವಸ್ತು ಅನ್ನಿಸಿತು. ಇದು ಸ್ಟಾಕ್ ರಿಜಿಸ್ಟರ್. ಒಬ್ಬೊಬ್ಬರಿಗೂ ಒಂದು ನಂಬರ್. ಆಮೇಲೆ ಹೆಸರು, ಅಪ್ಪನ ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಲ್ಲೂಕು, ಊರು, ಎತ್ತರ. ಕೊನೆಗೆ ಮೈಮೇಲಿನ ಗುರುತು. ಲಿಖಿತ ಪಾಸ್ ಇಲ್ಲದೆ ತೋಟದಿಂದ ಆಚೆ ಕಾಣಿಸಿದರೆ ಪೊಲೀಸರು ಹಿಡೀಬಹುದಿತ್ತು. ಹಾಗೆ ಸಿಕ್ಕಿಬಿದ್ದವನು ಯಾರ ಆಳು ಅಂತ ಪತ್ತೆ ಹಚ್ಚೋಕೆ ಈ ಕಾಲಂಗಳು ಬೇಕಿದ್ದವು.

ನೂರಾರು ನಂಜಪ್ಪ, ಮುನಿಯಪ್ಪಂದಿರ ನಡುವೆ ಒಬ್ಬರನ್ನ ಹುಡುಕೋಕೆ ಬರೀ ಹೆಸರು ಸಾಕಾಗಲ್ಲ. ಬೇಕಾದ್ದು ಆ ನಂಬರ್. ನಟಾಲ್‌ನಲ್ಲಿ ಅದು ಒಬ್ಬರ ಜೊತೆಗೇ ಹೋಗ್ತಿತ್ತು, ಮಕ್ಕಳ ಕಾಗದಪತ್ರದಲ್ಲೂ ಬರ್ತಿತ್ತು. ಶಿಕ್ಷಕಿಯ ಹತ್ತಿರ ಅಜ್ಜಿಯ ಮದುವೆ ನೋಂದಣಿ ಪತ್ರ ಇತ್ತು. ಅದರಲ್ಲಿ ಅಜ್ಜಿಯ ಅಪ್ಪನ ನಂಬರ್ ಕೂಡ ಇತ್ತು. ಆದರೆ ಕೊನೆಯ ಅಂಕಿ 3 ಅಥವಾ 8. ಶಾಯಿ ಹರಡಿಹೋಗಿತ್ತು.

1882ರ ಒಂದು ಪಟ್ಟಿಯಲ್ಲಿ ಎರಡೂ ನಂಬರ್ ಸಿಕ್ಕವು. ಒಂದೇ ಹಡಗು, ಐದು ಸಾಲಿನ ಅಂತರ. ಇಬ್ಬರೂ ಬೆಂಗಳೂರು ಜಿಲ್ಲೆ, ಇಬ್ಬರಿಗೂ 20ರ ಆಸುಪಾಸು ವಯಸ್ಸು, ಹೆಸರೂ ಹೆಚ್ಚೂಕಮ್ಮಿ ಒಂದೇ. (ಕುಟುಂಬದವರು ಬೇಡ ಅಂದಿದ್ದರಿಂದ ಹೆಸರು ಹೇಳ್ತಿಲ್ಲ.) ವ್ಯತ್ಯಾಸ ಇದ್ದದ್ದು ಕೊನೆಯ ಕಾಲಂನಲ್ಲಿ. ಒಬ್ಬನಿಗೆ ಹಣೆಯ ಮೇಲೆ ಮಚ್ಚೆ. ಇನ್ನೊಬ್ಬನಿಗೆ ಎಡ ಮುಂಗೈ ಮೇಲೆ ಸುಟ್ಟ ಕಲೆ.

ಇದನ್ನ ನಾನು ಅವರಿಗೆ ಹೇಳಲಿಲ್ಲ. ಮೊದಲೇ ಹೇಳಿದರೆ ಯಾರಿಗಾದರೂ ನೆನಪು ಹುಟ್ಟಿಕೊಂಡುಬಿಡುತ್ತೆ. ಫೋನ್ ಮಾಡಿ ಸುಮ್ಮನೆ ಕೇಳಿದೆ: ‘ಮುತ್ತಜ್ಜನ ಮೈಮೇಲೆ ಏನಾದ್ರೂ ಗುರುತು ಇತ್ತು ಅಂತ ಅಜ್ಜಿ ಹೇಳಿದ್ದರಾ?’

ಅವರು ತಡಮಾಡಲಿಲ್ಲ. ‘ಕೈ ಸುಟ್ಟುಕೊಂಡಿದ್ದರಂತೆ. ಬರದ ವರ್ಷ ಹಸಿವು ತಡೀಲಾರದೆ ಕುದಿಯೋ ಗಂಜಿ ಪಾತ್ರೆಗೆ ಕೈ ಹಾಕಿದ್ದರಂತೆ’ ಅಂದರು.

ನಾನು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಪಟ್ಟಿಯಲ್ಲಿ ಅವನ ವಯಸ್ಸು 22. ಅಂದರೆ 1876ರಿಂದ 78ರವರೆಗಿನ ಆ ದೊಡ್ಡ ಬರದಲ್ಲಿ, ನಮ್ಮ ಹಿರಿಯರು ಧಾತು, ಈಶ್ವರ ಅಂತ ಸಂವತ್ಸರದ ಹೆಸರಲ್ಲೇ ನೆನಪಿಟ್ಟುಕೊಂಡ ಬರದಲ್ಲಿ, ಅವನಿಗೆ ಹದಿನಾರೋ ಹದಿನೇಳೋ ಇರಬೇಕು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಅದು ಸುಮಾರು 42 ಲಕ್ಷ. ಸತ್ತವರೇ ಹೆಚ್ಚು, ಊರು ಬಿಟ್ಟವರೂ ಇದ್ದರು. 1864ರಲ್ಲೇ ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ ರೈಲು ಬಂದಿತ್ತು, ಅಲ್ಲಿಂದ ಮದ್ರಾಸಿಗೆ ದಾರಿ ಸಲೀಸು. ಬರದಲ್ಲಿ ಬದುಕುಳಿದ ಹುಡುಗ ನಾಲ್ಕು ವರ್ಷದ ಮೇಲೆ ಯಾಕೆ ಹಡಗು ಹತ್ತಿದ ಅಂತ ಕೇಳೋ ಕಾಲಂ ಆ ಪುಸ್ತಕದಲ್ಲಿಲ್ಲ.

ಮನುಷ್ಯ ಸಿಕ್ಕ. ಊರು? ತಾಲ್ಲೂಕಿನ ಕಾಲಂ ಖಾಲಿ. ಊರಿನ ಕಾಲಂನಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದನ್ನ ಓದಿದರೆ ‘ಓಸಳ್ಳಿ’ ಅಂತಾಗುತ್ತೆ. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಹೊಳೀತು. ಹೊಸೂರನ್ನ ತಮಿಳಿನವರು ಓಸೂರ್ ಅಂತಾರಲ್ಲ, ಹಾಗೇ ಇದು ಹೊಸಹಳ್ಳಿ ಇರಬೇಕು. ಮದ್ರಾಸಿನಲ್ಲಿ ಬರೆದುಕೊಂಡವರ ಕಿವಿಗೆ ‘ಹ’ ಬಿದ್ದಿರಲಿಕ್ಕಿಲ್ಲ. ಖುಷಿಯಾಯ್ತು, ಐದು ನಿಮಿಷ ಅಷ್ಟೇ. ನಮ್ಮಲ್ಲಿ ಹೊಸಹಳ್ಳಿ ಇಲ್ಲದ ತಾಲ್ಲೂಕು ಹುಡುಕೋದೇ ಕಷ್ಟ ಅಲ್ವಾ?

ಇಲ್ಲಿ ನನಗೆ ಒಂದು ಆಸೆ ಬಂತು. ಅವರು ಟಿಕೆಟ್ ಬುಕ್ ಮಾಡಿಯಾಗಿತ್ತು. ಬೆಂಗಳೂರಿಗೆ ಹತ್ತಿರದ ಯಾವುದಾದರೂ ಹೊಸಹಳ್ಳಿಗೆ ಕರ್ಕೊಂಡು ಹೋಗಿ ‘ಇದೇ ಊರು ಮೇಡಂ’ ಅಂದುಬಿಟ್ಟರೆ ಯಾರಿಗೇನು ನಷ್ಟ? ಅವರು ಒಂದು ಹಿಡಿ ಮಣ್ಣು ತಗೊಂಡು ಹೋಗ್ತಿದ್ದರು. ನಮ್ಮ ಸಂಚಿಕೆಗೂ ಒಳ್ಳೆ ಕೊನೆ ಸಿಗ್ತಿತ್ತು.

ಮಾಡಲಿಲ್ಲ. ವೋಚರ್ ಇಲ್ಲದೆ ಎಂಟ್ರಿ ಪಾಸ್ ಮಾಡಬಾರದು ಅಂತ ಕಾಲೇಜಿನಲ್ಲಿ ಕಲಿತಿದ್ದು ಅಡ್ಡ ಬಂತು. ಅದಕ್ಕಿಂತ ಹೆಚ್ಚಾಗಿ, ಆ ಮನುಷ್ಯನ ಬಗ್ಗೆ ಒಮ್ಮೆ ಯಾರೋ ಕಿವಿಗೆ ಬಿದ್ದಷ್ಟು ಬರೆದುಕೊಂಡು ಮುಂದೆ ಹೋಗಿದ್ದಾರೆ. ಎರಡನೇ ಸಲ ಅದೇ ಕೆಲಸ ನಾನು ಯಾಕೆ ಮಾಡಲಿ? ಗೊತ್ತಿರೋದು ಇಷ್ಟು, ಊಹೆ ಇಷ್ಟು ಅಂತ ಬೇರೆ ಬೇರೆ ಮಾಡಿ ಬರೆದು ಕಳಿಸಿದೆ.

ಎರಡು ದಿನ ಉತ್ತರ ಬರಲಿಲ್ಲ. ಮೂರನೇ ದಿನ ಬಂತು: ‘ಎತ್ತರ ಐದು ಅಡಿ ಮೂರು ಅಂಗುಲ ಅಂತ ಇದೆಯಲ್ಲ. ನಮ್ಮ ಮನೆಯ ಬಾಗಿಲ ಚೌಕಟ್ಟಿನ ಮೇಲೆ ಅಷ್ಟು ಎತ್ತರಕ್ಕೆ ಗೀಟು ಹಾಕಿದೆ. ನನ್ನ ಮೊಮ್ಮಗ ಹೋಗಿ ಅದಕ್ಕೆ ಬೆನ್ನು ಕೊಟ್ಟು ನಿಂತ. ಡಿಸೆಂಬರ್‌ನಲ್ಲಿ ಬರ್ತೀನಿ. ಊರು ಸಿಗದಿದ್ದರೂ ಪರವಾಗಿಲ್ಲ.’

ಲೆಕ್ಕದಲ್ಲಿ ಪ್ರತಿ ಎಂಟ್ರಿಗೂ ಇನ್ನೊಂದು ಕಡೆ ಒಂದು ಎಂಟ್ರಿ ಇರುತ್ತೆ. ನಟಾಲ್‌ನ ಪುಸ್ತಕದಲ್ಲಿ ಒಬ್ಬ ಬಂದ ಅಂತ ಬರೆದಿದ್ದಾರೆ. ಹಾಗಾದರೆ ಇಲ್ಲಿ ಯಾವುದೋ ಮನೆಯಿಂದ ಒಬ್ಬ ಹೋಗಿದ್ದಾನೆ. ಇದನ್ನ ಕೇಳ್ತಿರೋರಲ್ಲಿ ಹೊಸಹಳ್ಳಿಯವರು ಯಾರಾದರೂ ಇದ್ದರೆ ಮನೆಯ ಹಿರಿಯರನ್ನ ಒಂದು ಮಾತು ಕೇಳಿ. ಬರ ಕಳೆದ ಮೇಲೆ ಮದ್ರಾಸಿಗೆ ಹೋಗಿ ವಾಪಸ್ ಬರದ, ಎಡಗೈ ಸುಟ್ಟಿದ್ದ ಹುಡುಗನ ಕಥೆ ಏನಾದರೂ ಇದೆಯಾ ಅಂತ. ಇದ್ದರೆ ನನಗೆ ಬರೀರಿ. ಡಿಸೆಂಬರ್‌ಗೆ ಇನ್ನೂ ಸಮಯ ಇದೆ.