ಮದರ್‌ಬೋರ್ಡ್ ಬದಲಾದರೆ ಆಟ ಯಾರದು?

ಕುಂಟೆಯ ಹಿಡಿ ಮುರಿದರೆ ಬಡಗಿಯ ಬಳಿ ಹೋಗಿ ಹೊಸ ಹಿಡಿ ಹಾಕಿಸುತ್ತೇವೆ. ಎತ್ತು ಮಾರಿ ಬೇರೆ ಎತ್ತು ತಂದರೂ ಕುಂಟೆ ನಮ್ಮದೇ. ಅದನ್ನು ಮಾಡಿಕೊಟ್ಟ ಬಡಗಿ ಬಂದು "ಎತ್ತು ಬದಲಾಯಿತಲ್ಲ, ಇನ್ನು ಈ ಕುಂಟೆ ಹೂಡುವಂತಿಲ್ಲ" ಎನ್ನುವುದಿಲ್ಲ. ಆದರೆ ಕಂಪ್ಯೂಟರ್ ತಂತ್ರಾಂಶದ ಲೋಕದಲ್ಲಿ ಇಪ್ಪತ್ತೈದು ವರ್ಷಗಳಿಂದ ನಡೆದಿರುವುದು ಹೆಚ್ಚುಕಡಿಮೆ ಇದೇ. ದುಡ್ಡು ಕೊಟ್ಟು ಕೊಂಡ ಆಟವನ್ನು ಕಂಪ್ಯೂಟರಿನ ಒಂದು ಭಾಗ ಬದಲಿಸಿ ಮತ್ತೆ ಹಾಕಲು ಹೋದರೆ, "ನಿಮ್ಮ ಅವಕಾಶ ಮುಗಿದಿದೆ" ಎಂಬ ಉತ್ತರ ಬರುತ್ತದೆ. ಇದು ಎಲ್ಲಿಂದ ಶುರುವಾಯಿತು, ಜನ ಹೇಗೆ ಎದುರು ನಿಂತರು, ಕೊನೆಗೆ ಏನಾಯಿತು ಎಂಬುದನ್ನು ಈ ಬರಹದಲ್ಲಿ ನೋಡೋಣ.

ಕಳ್ಳಪ್ರತಿಯ ಹಳೆಯ ಜಗಳ

ಜಗಳ ಕಂಪ್ಯೂಟರಿನಷ್ಟೇ ಹಳೆಯದು. 1976ರ ಫೆಬ್ರವರಿಯಲ್ಲಿ, ಆಗಿನ್ನೂ ಇಪ್ಪತ್ತರ ಹರೆಯದ ಬಿಲ್ ಗೇಟ್ಸ್ ಹವ್ಯಾಸಿ ಕಂಪ್ಯೂಟರ್ ಬಳಕೆದಾರರಿಗೆ ಒಂದು ಬಹಿರಂಗ ಪತ್ರ ಬರೆದರು. ತಾವು ಬರೆದ ಬೇಸಿಕ್ ತಂತ್ರಾಂಶವನ್ನು ದುಡ್ಡು ಕೊಡದೆ ಪ್ರತಿ ಮಾಡಿಕೊಳ್ಳುತ್ತಿದ್ದಾರೆ ಎಂಬುದು ಅವರ ದೂರು. ದೂರು ಸುಳ್ಳಲ್ಲ. ತಂತ್ರಾಂಶ ಮಾಡಲು ತಿಂಗಳುಗಟ್ಟಲೆ ಬೇಕು, ಪ್ರತಿ ಮಾಡಲು ನಿಮಿಷ ಸಾಕು.

ಆಟ ಮಾಡುವವರು ಮೊದಲು ಕಾಗದವನ್ನೇ ಬೀಗ ಮಾಡಿಕೊಂಡರು. 1989ರ 'ಪ್ರಿನ್ಸ್ ಆಫ್ ಪರ್ಶಿಯಾ' ನೆನಪಿದೆಯೇ? ಮೊದಲ ಹಂತ ದಾಟಿದ ಮೇಲೆ ಒಂದು ಕೋಣೆ ತುಂಬ ಮದ್ದಿನ ಬಾಟಲಿಗಳು, ಅವುಗಳ ಮೇಲೆ ಒಂದೊಂದು ಅಕ್ಷರ. ಆಟದ ಜೊತೆ ಬಂದ ಪುಸ್ತಕದ ಇಂಥ ಪುಟ, ಇಂಥ ಸಾಲು, ಇಂಥ ಪದದ ಮೊದಲ ಅಕ್ಷರ ಯಾವುದೋ ಆ ಬಾಟಲಿಯನ್ನೇ ಕುಡಿಯಬೇಕು. ಫ್ಲಾಪಿ ಮಾತ್ರ ಪ್ರತಿ ಮಾಡಿಕೊಂಡವರ ಕೈಯಲ್ಲಿ ಪುಸ್ತಕ ಇರುತ್ತಿರಲಿಲ್ಲ. ಆಮೇಲೆ ಸಿ.ಡಿ. ಬಂತು. ಸೇಫ್‌ಡಿಸ್ಕ್, ಸೆಕ್ಯುರೋಮ್ ಎಂಬ ಬೀಗಗಳು ಅಸಲಿ ಡಿಸ್ಕ್ ಡ್ರೈವಿನಲ್ಲಿದೆಯೇ ಎಂದು ನೋಡತೊಡಗಿದವು. ನಮ್ಮ ಕಡೆಯ ಮುದ್ರಣಾಲಯಗಳಲ್ಲಿ ಕೆಲಸ ಮಾಡಿದವರಿಗೆ ಇನ್ನೊಂದು ಬಗೆಯ ಬೀಗವೂ ಗೊತ್ತು. ಭಾರತೀಯ ಭಾಷೆಗಳ ಕೆಲವು ಡಿಟಿಪಿ ತಂತ್ರಾಂಶಗಳಿಗೆ ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸುವ ಡಾಂಗಲ್ ಬರುತ್ತಿತ್ತು. ಅದು ಕಳೆದರೆ ಪುಟ ಕಟ್ಟುವ ಕೆಲಸವೇ ನಿಂತಂತೆ.

ಈ ಬೀಗಗಳಲ್ಲಿ ಒಂದು ನ್ಯಾಯ ಇತ್ತು. ಕೀಲಿ ನಮ್ಮ ಕೈಯಲ್ಲೇ ಇರುತ್ತಿತ್ತು. ಪುಸ್ತಕವೋ ಡಿಸ್ಕೋ ಡಾಂಗಲ್ಲೋ ಜೋಪಾನವಾಗಿದ್ದರೆ, ಕಂಪ್ಯೂಟರ್ ಎಷ್ಟು ಸಲ ಬದಲಾದರೂ ಯಾರನ್ನೂ ಕೇಳಬೇಕಿರಲಿಲ್ಲ.

ಕೀಲಿ ಕಂಪನಿಯ ಕೈಗೆ ಹೋಯಿತು

2001ರ ಅಕ್ಟೋಬರಿನಲ್ಲಿ ವಿಂಡೋಸ್ ಎಕ್ಸ್‌ಪಿ ಬಂತು. ಹಾಕಿದ 30 ದಿನದೊಳಗೆ ಅದನ್ನು 'ಆಕ್ಟಿವೇಟ್' ಮಾಡಿಸಬೇಕಿತ್ತು. ವಿಂಡೋಸ್ ನಿಮ್ಮ ಕಂಪ್ಯೂಟರಿನ ಪ್ರೊಸೆಸರ್, ಹಾರ್ಡ್ ಡಿಸ್ಕ್, ಗ್ರಾಫಿಕ್ಸ್ ಕಾರ್ಡ್, ನೆಟ್‌ವರ್ಕ್ ಕಾರ್ಡ್ ಹೀಗೆ ಹತ್ತರಷ್ಟು ಭಾಗಗಳನ್ನು ಗುರುತಿಸಿ, ಅವುಗಳಿಂದ ಒಂದು ಸಂಖ್ಯೆ ಮಾಡುತ್ತದೆ. ಯಂತ್ರದ ಹೆಬ್ಬೆಟ್ಟಿನ ಗುರುತು ಅನ್ನಿ. ಆ ಗುರುತು ಮತ್ತು ಪೆಟ್ಟಿಗೆಯ ಮೇಲಿನ ಕೀ ಎರಡೂ ಸೇರಿ ಕಂಪನಿಯ ಸರ್ವರ್‌ಗೆ ಹೋಗುತ್ತವೆ. ಇಂಟರ್‌ನೆಟ್ ಇಲ್ಲದವರು ಫೋನ್ ಮಾಡಿ, ಉದ್ದನೆಯ ಅಂಕಿಗಳ ಸಾಲನ್ನು ಓದಿ ಹೇಳಿ, ಆ ಕಡೆಯಿಂದ ಬಂದ ಅಂಕಿಗಳನ್ನು ಬರೆದುಕೊಂಡು ತುಂಬಬೇಕಿತ್ತು.

ಒಂದೆರಡು ಭಾಗ ಬದಲಿಸಿದರೆ ಎಕ್ಸ್‌ಪಿ ಸುಮ್ಮನಿರುತ್ತಿತ್ತು. ಹೆಚ್ಚು ಬದಲಿಸಿದರೆ ಇದು ಬೇರೆ ಯಂತ್ರ ಎಂದುಕೊಂಡು ಮತ್ತೆ ಅನುಮತಿ ಕೇಳುತ್ತಿತ್ತು. ದೊಡ್ಡ ಕಂಪನಿಗಳಿಗೆಂದು ಆಕ್ಟಿವೇಶನ್ ಬೇಡದ ಕೀಗಳಿದ್ದವು. ಅಂಥ ಒಂದು ಕೀ ಎಕ್ಸ್‌ಪಿ ಅಂಗಡಿಗೆ ಬರುವ ಮುಂಚೆಯೇ ಸೋರಿಹೋಗಿ ಜಗತ್ತಿನಾದ್ಯಂತ ಹರಡಿತು. ಕಳ್ಳಪ್ರತಿ ಹಾಕಿಕೊಂಡವರು ಆರಾಮಾಗಿದ್ದರು. ದುಡ್ಡು ಕೊಟ್ಟವರು ಫೋನ್ ಹಿಡಿದು ಅಂಕಿ ಓದುತ್ತಿದ್ದರು. ಮುಂದಿನ ಇಡೀ ಕಥೆಯಲ್ಲೂ ಇದೇ ಮರುಕಳಿಸುವುದನ್ನು ನೀವು ನೋಡುತ್ತೀರಿ.

ಎರಡು ಸಲ, ಮೂರು ಸಲ, ಸಾಕು

ಆಟದ ಕಂಪನಿಗಳು ಇದನ್ನೇ ಇನ್ನಷ್ಟು ಬಿಗಿ ಮಾಡಿದವು. 2007ರ ಆಗಸ್ಟಿನಲ್ಲಿ ಬಂದ 'ಬಯೋಶಾಕ್' ಆಟವನ್ನು ಮೊದಲು ಎರಡು ಸಲ ಮಾತ್ರ ಆಕ್ಟಿವೇಟ್ ಮಾಡಬಹುದಿತ್ತು. ಗಲಾಟೆಯಾದ ಮೇಲೆ ಅದು ಐದಾಯಿತು. 2008ರ ಜೂನ್‌ನಲ್ಲಿ ಆ ಮಿತಿಯನ್ನೇ ತೆಗೆದರು. 2008ರಲ್ಲಿ 'ಮಾಸ್ ಎಫೆಕ್ಟ್' ಆಟಕ್ಕೆ ಹತ್ತು ದಿನಕ್ಕೊಮ್ಮೆ ಇಂಟರ್‌ನೆಟ್ ಮೂಲಕ ಹಾಜರಿ ಹಾಕಬೇಕೆಂಬ ಯೋಜನೆ ಇತ್ತು. ಜನ ಸಿಟ್ಟಾದ ಮೇಲೆ ಕಂಪನಿ ಹಾಜರಿಯನ್ನು ಬಿಟ್ಟು, ಮೂರು ಸಲದ ಮಿತಿಯನ್ನು ಉಳಿಸಿಕೊಂಡಿತು.

ದೊಡ್ಡ ಜಗಳ ನಡೆದದ್ದು 2008ರ ಸೆಪ್ಟೆಂಬರಿನಲ್ಲಿ. ವಿಲ್ ರೈಟ್ ರೂಪಿಸಿದ 'ಸ್ಪೋರ್' ಆಟವನ್ನು ಎಲೆಕ್ಟ್ರಾನಿಕ್ ಆರ್ಟ್ಸ್ ಬಿಡುಗಡೆ ಮಾಡಿತು. ಒಂದು ಕಣದಷ್ಟು ಸಣ್ಣ ಜೀವಿಯಿಂದ ಶುರುವಾಗಿ ಬಾಹ್ಯಾಕಾಶದವರೆಗೆ ಬೆಳೆಸುವ ಆಟ ಅದು. ಜನ ವರ್ಷಗಳಿಂದ ಕಾದಿದ್ದರು. ಅದಕ್ಕೂ ಸೆಕ್ಯುರೋಮ್ ಬೀಗ, ಮೂರೇ ಆಕ್ಟಿವೇಶನ್. ಆಟವನ್ನು ಅಳಿಸಿದರೂ ಬಳಸಿದ ಅವಕಾಶ ವಾಪಸ್ ಬರುತ್ತಿರಲಿಲ್ಲ. ನಾಲ್ಕನೆಯ ಸಲ ಬೇಕಾದರೆ ಕಂಪನಿಯ ಗ್ರಾಹಕ ಸೇವೆಯನ್ನು ಬೇಡಬೇಕಿತ್ತು.

ಮೂರಕ್ಕಿಂತ ಹೆಚ್ಚು ಯಂತ್ರಗಳಲ್ಲಿ ಹಾಕಲು ನೋಡುವವರು ನೂರಕ್ಕೆ ಒಬ್ಬರಿಗಿಂತ ಕಡಿಮೆ ಎಂಬುದು ಕಂಪನಿಯ ವಾದ. ಆದರೆ ಆಟ ಆಡುವವರ ಲೆಕ್ಕ ಬೇರೆ ಇತ್ತು. ಆಟಕ್ಕಾಗಿಯೇ ಕಂಪ್ಯೂಟರ್ ಇಟ್ಟವರು ಆಗಾಗ ಗ್ರಾಫಿಕ್ಸ್ ಕಾರ್ಡ್ ಬದಲಿಸುತ್ತಾರೆ, ಹಾರ್ಡ್ ಡಿಸ್ಕ್ ಕೆಟ್ಟರೆ ಹೊಸದು ಹಾಕುತ್ತಾರೆ, ವೈರಸ್ ಬಂದರೆ ಫಾರ್ಮ್ಯಾಟ್ ಮಾಡುತ್ತಾರೆ. ನಾಲ್ಕೈದು ವರ್ಷದಲ್ಲಿ ಮೂರು ಅವಕಾಶ ಕರಗಲು ಎಷ್ಟು ಹೊತ್ತು? ಅಮೆಜಾನ್ ಅಂಗಡಿಯ ಪುಟದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಸ್ಪೋರ್‌ಗೆ ಒಂದೇ ನಕ್ಷತ್ರ ಕೊಟ್ಟು ಸಿಟ್ಟು ತೀರಿಸಿಕೊಂಡರು. ಕ್ಯಾಲಿಫೋರ್ನಿಯಾದಲ್ಲಿ ಮೊಕದ್ದಮೆಯೂ ಬಿತ್ತು.

ಇಷ್ಟೆಲ್ಲ ಬಿಗಿ ಮಾಡಿ ಕಳ್ಳತನ ನಿಂತಿತೇ? ಬೀಗ ಮುರಿದ ಸ್ಪೋರ್ ಬಿಡುಗಡೆಗೂ ಮುಂಚೆಯೇ ಹೊರಬಿದ್ದಿತ್ತು. ಟೊರೆಂಟ್‌ಫ್ರೀಕ್ ತಾಣದ ಲೆಕ್ಕದಂತೆ ಆ ವರ್ಷ ಅತಿ ಹೆಚ್ಚು ಕಳ್ಳಪ್ರತಿಯಾದ ಆಟ ಅದೇ, ಸುಮಾರು 17 ಲಕ್ಷ ಡೌನ್‌ಲೋಡ್. ಕಂಪನಿ ಮಿತಿಯನ್ನು ಐದಕ್ಕೆ ಏರಿಸಿತು, ಬಳಸಿದ ಅವಕಾಶವನ್ನು ವಾಪಸ್ ಪಡೆಯುವ ಉಪಕರಣ ಕೊಟ್ಟಿತು. 2009ರಲ್ಲಿ 'ಸಿಮ್ಸ್ 3' ಬಂದಾಗ ಹಳೆಯ ಕ್ರಮಕ್ಕೇ, ಅಂದರೆ ಡಿಸ್ಕ್ ಮತ್ತು ಕೀಗೆ ಮರಳಿತು.

ಬಿಡಿಭಾಗ ಬದಲಿಸಿದ್ದೇ ತಪ್ಪಾಯಿತು

ಎಣಿಕೆಯ ಬೀಗ ಎಲ್ಲಿ ಎಡವುತ್ತದೆ ಎಂಬುದಕ್ಕೆ 2012ರ ಜನವರಿಯ ಒಂದು ಪ್ರಸಂಗ ಸಾಕು. ನೆದರ್‌ಲ್ಯಾಂಡ್ಸ್‌ನ 'ಗುರು ತ್ರೀಡಿ' ತಾಣ ಗ್ರಾಫಿಕ್ಸ್ ಕಾರ್ಡ್‌ಗಳನ್ನು ಪರೀಕ್ಷಿಸಿ ಬರೆಯುತ್ತದೆ. ಯೂಬಿಸಾಫ್ಟ್‌ನ 'ಆನೊ 2070' ಆಟವನ್ನು ಹಲವು ಕಾರ್ಡ್‌ಗಳಲ್ಲಿ ಓಡಿಸಿ ನೋಡಲು ಅವರು ಹೊರಟರು. ಯಂತ್ರ ಅದೇ, ಬದಲಾದದ್ದು ಕಾರ್ಡ್ ಮಾತ್ರ. ಪ್ರತಿ ಹೊಸ ಕಾರ್ಡಿಗೂ ಒಂದೊಂದು ಆಕ್ಟಿವೇಶನ್ ಕಳೆದು, ಮೂರಕ್ಕೇ ಆಟ ನಿಂತುಹೋಯಿತು. ಸುದ್ದಿ ಹಬ್ಬಿದ ಮೇಲೆ ಕಂಪನಿ ಗ್ರಾಫಿಕ್ಸ್ ಕಾರ್ಡನ್ನು ಆ ಲೆಕ್ಕದಿಂದ ಕೈಬಿಟ್ಟಿತು.

2021ರ ನವೆಂಬರಿನಲ್ಲಿ ಇನ್ನೂ ವಿಚಿತ್ರವಾದದ್ದು ನಡೆಯಿತು. ಇಂಟೆಲ್‌ನ 12ನೇ ತಲೆಮಾರಿನ ಪ್ರೊಸೆಸರ್‌ಗಳಲ್ಲಿ ಎರಡು ಬಗೆಯ ಕೋರ್‌ಗಳಿದ್ದವು, ದೊಡ್ಡವು ಮತ್ತು ಚಿಕ್ಕವು. ಕೆಲವು ಆಟಗಳ ಬೀಗಗಳಿಗೆ ಚಿಕ್ಕ ಕೋರ್‌ಗಳು ಬೇರೆಯೇ ಕಂಪ್ಯೂಟರಿನಂತೆ ಕಂಡವು. ಹಲವಾರು ಆಟಗಳಿಗೆ ಹೀಗಾಗುತ್ತಿದೆ ಎಂದು ಇಂಟೆಲ್ ತಾನೇ ಪಟ್ಟಿ ಕೊಟ್ಟಿತು. ಆಮೇಲೆ ಅಪ್‌ಡೇಟ್‌ಗಳು ಬಂದು ಸರಿಯಾಯಿತು.

ಬೀಗ ಹಾಕಿದವರೇ ಹೋದರೆ?

ಇದಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ. ಅನುಮತಿ ಕೊಡುವ ಸರ್ವರನ್ನೇ ಕಂಪನಿ ಮುಚ್ಚಿದರೆ ಏನು ಗತಿ? 2015ರಲ್ಲಿ ವಿಂಡೋಸ್ 10 ಬಂದಾಗ ಸೇಫ್‌ಡಿಸ್ಕ್ ಮತ್ತು ಹಳೆಯ ಸೆಕ್ಯುರೋಮ್ ಬೀಗಗಳಿಗೆ ಸುರಕ್ಷತೆಯ ಕಾರಣಕ್ಕೆ ಅವಕಾಶ ಕೊಡಲಿಲ್ಲ. ಅಸಲಿ ಡಿಸ್ಕ್ ಇಟ್ಟುಕೊಂಡವರ ಆಟಗಳೂ ತೆರೆಯಲಿಲ್ಲ. 2024ರ ಮಾರ್ಚ್ 31ಕ್ಕೆ ಯೂಬಿಸಾಫ್ಟ್ ತನ್ನ 'ದಿ ಕ್ರ್ಯೂ' ಆಟದ ಸರ್ವರ್ ನಿಲ್ಲಿಸಿತು. ಒಬ್ಬರೇ ಆಡುವ ಭಾಗವೂ ಸತ್ತಿತು. ಅದರಿಂದ ಎದ್ದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿಗೆ ಯೂರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು.

ಕಾನೂನು ನಿಧಾನವಾಗಿ ಎಚ್ಚರಗೊಳ್ಳುತ್ತಿದೆ. ಅಮೆರಿಕದಲ್ಲಿ ಡಿಜಿಟಲ್ ಬೀಗ ಒಡೆಯುವುದು ಅಪರಾಧ. ಆದರೆ 2015ರ ಅಕ್ಟೋಬರಿನಲ್ಲಿ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ ಕೆಲವು ವಿನಾಯಿತಿ ಕೊಟ್ಟಿತು. ಕಂಪನಿ ಸರ್ವರ್ ಮುಚ್ಚಿದ್ದರೆ, ಕೊಂಡವರು ತಮ್ಮ ಆಟವನ್ನು ಆಡಲು ಬೀಗ ದಾಟಬಹುದು. ರೈತ ಓದುಗರು ಇದನ್ನೂ ಗಮನಿಸಿ: ಅದೇ ಆದೇಶದಲ್ಲಿ, ಕೊಂಡ ಟ್ರ್ಯಾಕ್ಟರಿನ ತಂತ್ರಾಂಶದ ಬೀಗವನ್ನು ದುರಸ್ತಿಗಾಗಿ ದಾಟಲೂ ಅನುಮತಿ ಸಿಕ್ಕಿತು. ಜಾನ್ ಡೀರ್ ಟ್ರ್ಯಾಕ್ಟರ್ ಕೊಂಡ ಅಮೆರಿಕದ ರೈತರು ತಮ್ಮ ಯಂತ್ರ ತಾವೇ ರಿಪೇರಿ ಮಾಡಲಾಗದೆ ವರ್ಷಗಳಿಂದ ಹೋರಾಡುತ್ತಿದ್ದಾರೆ. ಆಟ ಆಡುವ ಹುಡುಗರ ಜಗಳವೂ ಹೊಲ ಉಳುವವರ ಜಗಳವೂ ಒಂದೇ: ಕೊಂಡ ಮೇಲೆ ವಸ್ತು ಯಾರದು?

ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಹೊಸ ಕಾನೂನು ಜಾರಿಯಲ್ಲಿದೆ. ಪರವಾನಗಿ ಮಾತ್ರ ಕೊಡುವವರು ಅದನ್ನು ತಿಳಿಸದೆ 'ಕೊಳ್ಳಿ' ಎಂಬ ಗುಂಡಿ ಇಡುವಂತಿಲ್ಲ. ನಮ್ಮಲ್ಲಿ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ, ನ್ಯಾಯವಾಗಿ ತಂತ್ರಾಂಶ ಹೊಂದಿದವರಿಗೆ ಕಾಪಿಟ್ಟುಕೊಳ್ಳಲು ಒಂದು ಪ್ರತಿ ಮಾಡಿಕೊಳ್ಳುವ ಅವಕಾಶ ಕೊಡುತ್ತದೆ. 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಂ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆಯುವುದನ್ನು ಅಪರಾಧ ಎನ್ನುತ್ತದೆ.

ಈಗ ಏನು ಮಾಡಬಹುದು

ಇಂದು ಎಣಿಕೆಯ ಬೀಗ ಕಡಿಮೆಯಾಗಿದೆ. 2003ರಲ್ಲಿ ಶುರುವಾದ ಸ್ಟೀಮ್‌ನಂಥ ಅಂಗಡಿಗಳಲ್ಲಿ ಆಟ ಯಂತ್ರಕ್ಕಲ್ಲ, ಖಾತೆಗೆ ಕಟ್ಟಿರುತ್ತದೆ. ಯಂತ್ರ ಎಷ್ಟು ಬದಲಿಸಿದರೂ ಮತ್ತೆ ಇಳಿಸಿಕೊಳ್ಳಬಹುದು. ಹಾಗೆಂದು ಮಿತಿ ಪೂರ್ತಿ ಹೋಗಿಲ್ಲ. ಡೆನುವೊ ಬೀಗವಿರುವ ಹಲವು ಆಟಗಳ ಪುಟದಲ್ಲಿ ದಿನಕ್ಕೆ ಐದು ಯಂತ್ರ ಎಂಬ ಸಾಲು ಈಗಲೂ ಇದೆ. ಕೊಳ್ಳುವ ಮುಂಚೆ ಆ ಸಾಲು ಓದಿ. ಬೀಗವೇ ಬೇಡ ಎನ್ನುವವರಿಗೆ 2008ರಲ್ಲಿ ಪೋಲೆಂಡ್‌ನಲ್ಲಿ ಶುರುವಾದ ಜಿಓಜಿ ಅಂಗಡಿ ಇದೆ. ಅಲ್ಲಿಂದ ಇಳಿಸಿದ ಕಡತವನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡರೆ ಆಯಿತು.

ಮನೆಯಲ್ಲೋ ಅಂಗಡಿಯಲ್ಲೋ ಕಂಪ್ಯೂಟರ್ ಇರುವವರು ಮೂರು ಮಾತು ನೆನಪಿಡಿ. ಮದರ್‌ಬೋರ್ಡ್ ಅಥವಾ ಡಿಸ್ಕ್ ಬದಲಿಸುವ ಮುಂಚೆ, ಯಂತ್ರ ಇನ್ನೂ ಓಡುತ್ತಿರುವಾಗಲೇ ಹಳೆಯ ತಂತ್ರಾಂಶಗಳನ್ನು 'ಡಿಆಕ್ಟಿವೇಟ್' ಮಾಡಿ. ಯಂತ್ರ ಸತ್ತ ಮೇಲೆ ಆ ಅವಕಾಶ ಸಿಗದು. ಬಿಲ್ ಮತ್ತು ಕೀಯ ಫೋಟೋ ಫೋನಿನಲ್ಲಿರಲಿ. ವಿಂಡೋಸ್ 10 ಅಥವಾ 11 ಇದ್ದರೆ ಅದರ ಪರವಾನಗಿಯನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಡಿ. ಭಾಗ ಬದಲಾದ ಮೇಲೆ ಮತ್ತೆ ಆಕ್ಟಿವೇಟ್ ಮಾಡಲು ಅದು ನೆರವಾಗುತ್ತದೆ.

ಫೋನ್ ಬದಲಿಸಿದಾಗ ಯುಪಿಐ ಆ್ಯಪ್ ಮತ್ತೆ ಸಿಮ್ ಕೇಳುತ್ತದಲ್ಲ, ಅದೂ ಯಂತ್ರಕ್ಕೆ ಕಟ್ಟಿದ ಬೀಗವೇ. ಆದರೆ ಅದು ಕಾಯುವುದು ನಿಮ್ಮ ಹಣವನ್ನು. ಆಟದ ಬೀಗ ಕಾಯುವುದು ಮಾರಿದವರ ಹಣವನ್ನು. ಮುಂದೆ ಪಂಪ್‌ಸೆಟ್ ಸ್ಟಾರ್ಟರಿನಿಂದ ಟ್ರ್ಯಾಕ್ಟರಿನವರೆಗೆ ಯಾವುದಕ್ಕೆ ಇಂಥ ಬೀಗ ಬಂದರೂ, ಅದು ಯಾರನ್ನು ಕಾಯುತ್ತಿದೆ ಎಂದು ಕೊಳ್ಳುವ ಮುಂಚೆಯೇ ಕೇಳಿ. ಸ್ಪೋರ್ ಕೊಂಡವರು ಕೇಳಿದ್ದು ಕೊಂಡ ಮೇಲೆ. ಆದರೂ ಒಟ್ಟಾಗಿ ಕೇಳಿದ್ದರಿಂದಲೇ ಮೂರು ಐದಾಯಿತು.